ನೀಲಿ ದಾರದ ಹೊಲಿಗೆ

ನವೆಂಬರ್ 4, ಸೋಮವಾರ

ಇಂದು ಉಪವಾಸ. ಐದಕ್ಕೆ ಎದ್ದು ನೀರು ತುಂಬಿಸಿದೆ, ನೆಲ ಒರೆಸಿದೆ, ದೇವರ ಮುಂದೆ ದೀಪ ಹಚ್ಚಿ ಸ್ವಲ್ಪ ಹೊತ್ತು ಕೂತೆ, ತಮ್ಮನಿಗೆ ಅಡುಗೆ ಮಾಡಿ ಮುಚ್ಚಿಟ್ಟೆ. ಅವನು ಏಳುವುದು ಏಳಕ್ಕೆ. ಬಲಗಿವಿ ಕೇಳುವುದೇ ಇಲ್ಲ, ಎಡಗಿವಿಯನ್ನು ದಿಂಬಿಗೆ ಒತ್ತಿ ಮಲಗಿಬಿಟ್ಟರೆ ಮನೆಯ ಸೂರು ಕುಸಿದರೂ ಅವನಿಗೆ ತಿಳಿಯದು. ಹೋದ ವರ್ಷ ಮಾರ್ಕೆಟ್ಟಿನಲ್ಲಿ ಬಾಂಬು ಸಿಡಿದಾಗ ಹೋದ ಕಿವಿ ಅದು. ಹನ್ನೊಂದು ಜನ ಸತ್ತ ಜಾಗದಲ್ಲಿ ನಮ್ಮವನನ್ನು ದೇವರು ಒಂದು ಕಿವಿ ಇಟ್ಟುಕೊಂಡು ವಾಪಸು ಕೊಟ್ಟ. ಅಂದಿನಿಂದ ಸೋಮವಾರದ ಉಪವಾಸ ಹಿಡಿದಿದ್ದೇನೆ.

ಎಂಟಕ್ಕೆ ಲಾಂಡ್ರಿ. ನಾನು ಮುಂದೆ, ಬಟ್ಟೆ ತೆಗೆದುಕೊಂಡು ಗುರುತಿನ ನಂಬರು ಬರೆಯುವ ಕಡೆ. ತಮ್ಮ ಒಳಗೆ, ಹರಿದದ್ದನ್ನು ಹೊಲಿಯುವ ಮೆಷಿನ್ನಿನ ಮುಂದೆ.

ನಲವತ್ತೊಂದನೆಯ ನಂಬರಿನ ಗಿರಾಕಿ, ಮೇಷ್ಟ್ರು ಬಂದಿದ್ದರು. ರಿಟೈರಾಗಿ ಆರು ವರ್ಷವಾದರೂ ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಜೇಬಿನ ತುಂಬಾ ಸೀಮೆಸುಣ್ಣದ ತುಂಡು. ಚಳಿಗೆ ಗಡಗಡ ನಡುಗುತ್ತಿದ್ದರು. ವರ್ಷವಾದರೂ ಯಾರೂ ಕೇಳದ ಬಟ್ಟೆಯನ್ನು ಬೇಕಾದವರಿಗೆ ಕೊಟ್ಟುಬಿಡು ಎಂದು ಯಜಮಾನರು ಹೇಳಿದ್ದಾರೆ. ಅಂಥ ಬಟ್ಟೆ ಇಡುವ ಬೀರುವಿನಿಂದ ಒಂದು ಕಂದು ಕೋಟು ತೆಗೆದೆ. ಬಲಜೇಬಿನ ತಳದಲ್ಲಿ ತೂತು. ಕಂದು ದಾರ ಮುಗಿದಿತ್ತು, ನೀಲಿಯಲ್ಲೇ ಹೊಲಿದು ಮುಚ್ಚಿದೆ. ಒಂದು ಗುಂಡಿ ಬಿದ್ದುಹೋಗಿತ್ತು, ನನ್ನ ಹಳೆ ಸ್ವೆಟರಿನ ಕಪ್ಪು ಗುಂಡಿ ಹಾಕಿದೆ.

"ಯಾರದ್ದೋ ಕೋಟು ತಂಗಿ. ಅವನು ರಸ್ತೇಲಿ ಎದುರಾಗಿ ನಂದು ಅಂದ್ರೆ?" ಅಂದರು.

"ಬಿಚ್ಚಿ ಕೊಟ್ಬಿಡಿ. ಒಳಗೆ ಅಂಗಿ ಇದೆಯಲ್ಲ."

"ಅಂಗೀನೂ ನಂದು ಅಂದ್ರೆ?"

"ಆಗ ಓಡಿ."

ನಗುತ್ತಾ ಹೋದವರು ಸಂಜೆ ತಿರುಗಿ ಬಂದು ಈ ನೋಟ್‌ಬುಕ್ ಕೊಟ್ಟರು. ಶಾಲೆಯಲ್ಲಿ ಉಳಿದದ್ದಂತೆ. "ಕೋಟಿಗೆ ಬದಲು. ಏನಾದ್ರೂ ಬರೀರಿ, ಖಾಲಿ ಬಿಡಬೇಡಿ" ಅಂದರು. ನಾನು ಓದಿದ್ದು ಏಳನೆಯ ತರಗತಿ. ಆದರೂ ಬರೆಯುತ್ತಿದ್ದೇನೆ.

ನವೆಂಬರ್ 7, ಗುರುವಾರ

ಇಂದು ಒಬ್ಬರು ಬಂದರು. ತೆಳ್ಳಗೆ, ಬೈತಲೆ ನೇರ, ಮಾತು ಮೆತ್ತಗೆ. ಮೊದಲು ಒಳಗೆ ಹೋಗಿ ಯಜಮಾನರ ಹತ್ತಿರ ಅರ್ಧ ಗಂಟೆ ಮಾತಾಡಿದರು. ಯಜಮಾನರು ಹೊರಗೆ ಬಂದಾಗ ಮುಖ ಒಗೆದು ಹಿಂಡಿದ ಹಾಗಿತ್ತು. "ಅವರು ಹೇಳಿದ ಹಾಗೆ ಮಾಡಮ್ಮ, ನನ್ನನ್ನೇನೂ ಕೇಳಬೇಡ" ಎಂದು ಹೊರಟೇಹೋದರು.

ಬಂದವರು ಬ್ಯಾಗಿನಿಂದ ಒಂದು ಬಿಳಿ ಅಂಗಿ ತೆಗೆದು ನನ್ನ ಮುಂದಿಟ್ಟರು. ಮಾಸಿರಲಿಲ್ಲ, ಸುಕ್ಕೂ ಇರಲಿಲ್ಲ.

"ಹೆಸರು?" ಅಂದೆ.

"ಹೆಸರು ಬೇಡಮ್ಮ. ಸರ್ಕಾರದ ಕೆಲಸದವನು ಅಂದ್ಕೊಳ್ಳಿ."

"ಒಂದೇ ಅಂಗೀನಾ?"

"ಒಂದೇ. ಪ್ರತಿ ಗುರುವಾರ."

ನಮ್ಮ ಲಾಂಡ್ರಿಯಲ್ಲಿ ಒಂದು ಪದ್ಧತಿ ಇದೆ. ಒಗೆಯುವ ಮೊದಲು ಜೇಬು ನೋಡುತ್ತೇವೆ. ಸಿಕ್ಕಿದ್ದನ್ನು ಸಣ್ಣ ಕವರಿಗೆ ಹಾಕಿ, ಮೇಲೆ ನಂಬರು ಬರೆದು, ಬಟ್ಟೆಯ ಕಾಲರಿಗೆ ಪಿನ್ ಚುಚ್ಚಿ ವಾಪಸು ಕೊಡುತ್ತೇವೆ. ಹತ್ತೊಂಬತ್ತು ವರ್ಷದಲ್ಲಿ ಏನೇನು ಸಿಕ್ಕಿಲ್ಲ! ಬೀಗದ ಕೈ, ಅರ್ಧ ಬಿಸ್ಕತ್ತು, ಒಮ್ಮೆ ಒಂದು ಕಟ್ಟಿದ ಹಲ್ಲು. ಮಡಿಚಿದ ಕಾಗದವನ್ನು ಮಾತ್ರ ಒಮ್ಮೆಯೂ ಬಿಚ್ಚಿದವಳಲ್ಲ.

ಆ ಕವರುಗಳನ್ನೇ ಅವರು ಕೇಳಿದ್ದು. ನಾಲ್ಕು ನಂಬರು ಹೇಳಿದರು. ನಾನು ಆಗುವುದಿಲ್ಲ ಅಂದೆ. ಅವರಿಗೆ ಸಿಟ್ಟು ಬರಲಿಲ್ಲ.

"ನೀವು ಓದಬೇಡಿ. ನನ್ನ ಅಂಗಿ ಜೇಬಿಗೆ ಹಾಕಿಡಿ, ಒಂದು ಗಂಟೇಲಿ ಹಾಗೇ ತಂದುಕೊಡ್ತೀನಿ. ಹೋದ ವರ್ಷ ಯಾರಾದ್ರೂ ಒಬ್ರು ಒಂದು ಜೇಬು ನೋಡಿದ್ರೆ ನಿಮ್ಮ ತಮ್ಮನ ಕಿವಿ ಉಳೀತಿತ್ತು."

ಅಂಗಿ ತೆಗೆದುಕೊಂಡೆ.

ನವೆಂಬರ್ 14, ಗುರುವಾರ

ಒಂದಂಗಿಯವರು ಬಂದರು. ಎರಡು ಕವರು ಕೊಟ್ಟೆ, ಓದಿಲ್ಲ. ಒಂದು ಗಂಟೆಯೆಂದರೆ ಒಂದೇ ಗಂಟೆ, ಪಿನ್ ಕೂಡ ಅದೇ ತೂತಿನಲ್ಲಿ. ದೇವರೇ, ತಪ್ಪಾಗಿದ್ದರೆ ನನ್ನೊಬ್ಬಳ ಮೇಲಿರಲಿ. ಮನೆಗೆ ಬಂದು ಕೈಯನ್ನು ಮೂರು ಸಲ ತೊಳೆದೆ. ಸೋಪು ಮುಗಿಯುತ್ತಾ ಬಂತು ಎಂದು ತಮ್ಮ ರೇಗಿದ.

ನವೆಂಬರ್ 18, ಸೋಮವಾರ

ಉಪವಾಸ. ಹದಿನೇಳರ ಪ್ಯಾಂಟಿನಲ್ಲಿ ಒಂದು ಚೀಟಿ. ಓದಿದೆ. ಬೇಕಾದದ್ದೋ ಬೇಡವಾದದ್ದೋ ತಿಳಿಯದೆ ಕೊಟ್ಟರೆ ಅವರ ಸಮಯ ಹಾಳು, ಅದಕ್ಕೆ ಓದಿದ್ದು. ಹೆಂಡತಿಗೆ ಬರೆದದ್ದು. ಬೇಡವಾದದ್ದು. ಆದರೂ ಕವರಿಗೆ ಹಾಕಿದೆ.

ನವೆಂಬರ್ 28, ಗುರುವಾರ

ಇಂದು ಒಂದಂಗಿಯವರು ನನ್ನನ್ನು ಹೊಗಳಿದರು. ಕವರುಗಳ ಜೊತೆ ನಾನೇ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೆ: ಯಾರು ಯಾವ ದಿನ ಬಂದರು, ಯಾರ ಜೊತೆ ಬಂದರು, ಯಾರ ಅಂಗಿಯಲ್ಲಿ ಬೇರೆ ಊರಿನ ಬಸ್ಸಿನ ಟಿಕೇಟು ಇತ್ತು, ಯಾರು ಬಿಲ್ಲಿನಲ್ಲಿ ಒಂದು ಹೆಸರು ಬರೆಸಿ ಫೋನಿನಲ್ಲಿ ಇನ್ನೊಂದು ಹೆಸರು ಹೇಳಿದರು. ಅವರು ನಿಂತಲ್ಲೇ ಓದಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು.

"ಅಮ್ಮ, ನಮ್ಮಲ್ಲಿ ಹತ್ತು ಜನಕ್ಕೆ ಈ ಕಣ್ಣಿಲ್ಲ."

ಐವತ್ತು ವರ್ಷವಾಯಿತು. ಚೆನ್ನಾಗಿ ಇಸ್ತ್ರಿ ಮಾಡುತ್ತೀ ಎಂದಿದ್ದಾರೆ, ಗಂಡ ಇದ್ದಾಗ ಅಡುಗೆ ಪರವಾಗಿಲ್ಲ ಎಂದಿದ್ದ. ಕಣ್ಣಿನ ಮಾತು ಯಾರೂ ಎತ್ತಿದವರಲ್ಲ. ಇನ್ನು ಮುಂದೆ ನಾಲ್ಕು ನಂಬರಿಗಷ್ಟೇ ನಿಲ್ಲಬಾರದು, ಎಲ್ಲ ನಂಬರೂ ನೋಡಬೇಕು. ಹುಳ ಯಾವ ಬಟ್ಟೆಗೆ ಹಿಡಿದಿದೆ ಎಂದು ಮೊದಲೇ ಯಾರಿಗೆ ಗೊತ್ತು?

ಡಿಸೆಂಬರ್ 3, ಮಂಗಳವಾರ

ಬೆಳಿಗ್ಗೆ 5.00 ಎದ್ದದ್ದು. 5.40ರಿಂದ 5.50 ದೇವರ ಮುಂದೆ. 8.05 ಲಾಂಡ್ರಿ. 9.20ಕ್ಕೆ ಅರವತ್ತಮೂರು, ಜೊತೆಗೆ ಹೊಸ ಹೆಂಗಸು, ಹಸಿರು ಚೀಲ. 11.10ಕ್ಕೆ ಮೇಷ್ಟ್ರು, ಹೊಲಿಗೆಗೆ ಒಂದು ಗಂಟು ಕೊಟ್ಟು, ಪೇಪರು ಓದುತ್ತಾ ಸರ್ಕಾರವನ್ನು ಬೈದರು, ಎರಡು ಸಲ. ತಮ್ಮ 4.10ಕ್ಕೆ ಹೊರಗೆ ಹೋದವನು 4.55ಕ್ಕೆ ಬಂದ. ಎಲ್ಲಿಗೆ ಎಂದು ಕೇಳಿದರೆ "ಚಹಾ ಕುಡಿಯೋಕೂ ಲೆಕ್ಕ ಕೊಡ್ಬೇಕೇನಕ್ಕ?" ಎಂದ. ಚಹಾಕ್ಕೆ ನಲವತ್ತೈದು ನಿಮಿಷ.

ಡಿಸೆಂಬರ್ 9, ಸೋಮವಾರ

ಮಧ್ಯಾಹ್ನ ಉಂಡು ಕೈ ತೊಳೆಯುವಾಗ ಇವತ್ತು ಸೋಮವಾರ ಎಂದು ನೆನಪಾಯಿತು. ಕೆಲಸ ಜಾಸ್ತಿ.

ಡಿಸೆಂಬರ್ 11, ಬುಧವಾರ

ಸಿಕ್ಕಿತು.

ಹನ್ನೆರಡರ ಹೊತ್ತಿಗೆ ತಮ್ಮ ಒಳಗಿನಿಂದ ಕೂಗಿದ. ಅವನು ಕೂಗಿದರೆ ಬೀದಿಯ ಕೊನೆಯವರೆಗೂ ಕೇಳುತ್ತದೆ, ತನ್ನ ದನಿ ಎಷ್ಟು ದೊಡ್ಡದು ಎಂಬುದೇ ಅವನಿಗೆ ಗೊತ್ತಾಗುವುದಿಲ್ಲ. "ಅಕ್ಕಾ, ನಲವತ್ತೊಂದರದ್ದು! ಅಂಚು ಬಿಚ್ಚಿದ್ರೆ ಒಳಗಿಂದ ಬಂತು. ಕವರಿಗೆ ಹಾಕು!" ಒಂದು ಮಡಿಚಿದ ಕಾಗದಕ್ಕೆ ನಂಬರಿನ ಚೀಟಿ ಚುಚ್ಚಿ ಕಿಟಕಿಯಲ್ಲಿ ದಾಟಿಸಿದ. ಅಲ್ಲೇ ಬಿಚ್ಚಿದೆ. ಪೆನ್ಸಿಲ್ಲಿನ ನಕ್ಷೆ. ಒಂದು ದೊಡ್ಡ ಚೌಕ, ಅದಕ್ಕೆ ನಾಲ್ಕು ಬಾಗಿಲು, ಎರಡು ಬಾಗಿಲಿಗೆ ಬಾಣದ ಗುರುತು, ಪಕ್ಕದಲ್ಲಿ ಗಂಟೆ ನಿಮಿಷ. ಮಾರ್ಕೆಟ್ಟಿಗೂ ನಾಲ್ಕು ಬಾಗಿಲು.

ಮೇಷ್ಟ್ರು! ಜೇಬಿನಲ್ಲಿ ಸೀಮೆಸುಣ್ಣ, ಬಾಯಲ್ಲಿ ತಂಗಿ ತಂಗಿ.

ಹಾಳೆಯಲ್ಲಿ ಬರೆದೆ: ನಲವತ್ತೊಂದರ ಜೇಬಿನಲ್ಲಿ ಈ ಕಾಗದ ಸಿಕ್ಕಿತು. ಎರಡನ್ನೂ ಬಿಳಿ ಅಂಗಿಯ ಜೇಬಿಗೆ ಹಾಕಿ ಮಡಿಚಿಟ್ಟೆ.

ಡಿಸೆಂಬರ್ 12, ಗುರುವಾರ

ಒಂದಂಗಿಯವರು ಕಾಗದ ನೋಡಿ ಬ್ಯಾಗಿಗೆ ಹಾಕಿಕೊಂಡರು. ಯಾವಾಗಲೂ ಒಂದು ಗಂಟೆಯಲ್ಲಿ ವಾಪಸು ತರುವವರು ಇಂದು ತರಲಿಲ್ಲ. ಹೋಗುವಾಗ "ನೀವು ಎಷ್ಟು ಜನರ ಜೀವ ಉಳಿಸಿದ್ದೀರೋ ನಿಮಗೇ ಗೊತ್ತಿಲ್ಲಮ್ಮ" ಎಂದರು.

ದೇವರು ನನ್ನನ್ನು ಇದಕ್ಕೇ ಇಲ್ಲಿ ಕೂರಿಸಿದ್ದನೇನೋ.

ಡಿಸೆಂಬರ್ 16, ಸೋಮವಾರ

ಶನಿವಾರ ಮೇಷ್ಟ್ರನ್ನು ಕರೆದೊಯ್ದರಂತೆ. ಮಕ್ಕಳಿಗೆ ತ್ರಿಕೋನ ಬರೆಯುತ್ತಿದ್ದಾಗ, ಎರಡು ಗೆರೆ ಎಳೆದು ಮೂರನೆಯದು ಎಳೆಯುವ ಮೊದಲು. ಬೆಳಿಗ್ಗೆ ಹಾಲಿನವಳು ಹೇಳಿದಳು. "ಅಂಥವರನ್ನೂ ಹಿಡೀತಾರೆ ಅಂದ್ರೆ ನಮ್ಮ ಗತಿ ಏನಕ್ಕ?" ಎಂದಳು. ನಾನು "ಮಾಡಿದ್ರೆ ಹಿಡೀತಾರೆ" ಎಂದೆ. ಅವಳು ನನ್ನ ಮುಖವನ್ನೇ ನೋಡಿ ಹಾಲು ಅಳೆದು ಹೋದಳು. ಅವಳ ಮನೆಯ ಬಟ್ಟೆ ನಮ್ಮಲ್ಲಿಗೆ ಬರುವುದಿಲ್ಲ.

ಉಪವಾಸ ಮಾಡಿದೆ. ಹಸಿವೇ ಇರಲಿಲ್ಲ, ಹಾಗಾದರೆ ಅದನ್ನು ಉಪವಾಸ ಎನ್ನಬಹುದೋ ಇಲ್ಲವೋ.

ಡಿಸೆಂಬರ್ 18, ಬುಧವಾರ

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಬಂದರೆ ಬರಲಿ.

ಸಿದ್ಧವಾದ ಬಟ್ಟೆಗಳ ಸಾಲನ್ನು ಜೋಡಿಸುತ್ತಿದ್ದೆ. ನಲವತ್ತೊಂದರ ಕೊಕ್ಕೆಯಲ್ಲಿ ಒಂದು ಕೋಟು ತೂಗುತ್ತಿತ್ತು. ಕಂದು ಕೋಟು. ಮೂರು ಕಂದು ಗುಂಡಿ, ಒಂದು ಕಪ್ಪು. ಆ ಕಪ್ಪು ಗುಂಡಿ ನನ್ನ ಸ್ವೆಟರಿನದು.

ತಮ್ಮನ ಹತ್ತಿರ ಓಡಿದೆ. ಎಡಗಿವಿಗೆ ಬಾಯಿಟ್ಟು ಕೇಳಿದೆ. "ಹೋದ ವಾರ ಆ ಕಾಗದ ಯಾವ ಬಟ್ಟೇಲಿ ಸಿಕ್ತು?"

"ಈ ಕೋಟಲ್ಲೇ. ಕೆಳಗಿನ ಅಂಚು ಸವೆದಿತ್ತು, ಲೈನಿಂಗ್ ಬಿಚ್ಚಿದೆ, ತಳದಲ್ಲಿ ಬಿದ್ದಿತ್ತು. ಜೇಬಿನ ತೂತಿಂದ ಜಾರಿರಬೇಕು."

"ಜೇಬಿಗೆ ತೂತಿದೆಯಾ?"

"ಈಗೆಲ್ಲಿ? ಯಾರೋ ನೀಲಿ ದಾರ ಹಾಕಿ ಮುಚ್ಚಿದ್ದಾರೆ. ಏನು ಹೊಲಿಗೆ ಅಕ್ಕ ಅದು, ಗೋಣಿ ಹೊಲಿದ ಹಾಗೆ!" ಎಂದು ನಕ್ಕ.

ಜೇಬಿನೊಳಗೆ ಕೈ ಹಾಕಿ ನೋಡಿದೆ. ಹೊಲಿಗೆ ಗಟ್ಟಿಯಾಗಿದೆ, ಒಂದು ಸಾಸಿವೆ ಕಾಳೂ ಇಳಿಯದು. ನವೆಂಬರ್ ನಾಲ್ಕಕ್ಕೆ ನಾನೇ ಹಾಕಿದ್ದು, ಈ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ. ಮೇಷ್ಟ್ರು ಅದನ್ನು ತೊಟ್ಟಿದ್ದು ಆಮೇಲೆ. ಅಂದರೆ ಕಾಗದ ಅವರು ತೊಡುವ ಮೊದಲೇ ಒಳಗಿತ್ತು. ನಾನು ಅದನ್ನು ಒಳಗೆ ಬಿಟ್ಟು ಬಾಯಿ ಹೊಲಿದು, ಅವರ ಹೆಗಲಿಗೆ ಹಾಕಿ, ಆಮೇಲೆ ನಾನೇ ಹಿಡಿದುಕೊಟ್ಟೆ.

ಹೊಲಿಗೆಯ ಗಂಟು ನಾನು ಬಿಚ್ಚದೆ ನೇರ ಒಳಗೆ ಹೋಗುತ್ತದೆ, ಕೋಟು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಯಾವ ಬಟ್ಟೆ ಎಂದು ಅವತ್ತು ಕೇಳಲೂ ಇಲ್ಲ. ನಂಬರು ನೋಡಿದೆ, ಸಾಕಾಯಿತು.

ಹಳೆ ರಿಜಿಸ್ಟರು ತೆಗೆದು ಹುಡುಕಿದೆ. ಕಂದು ಕೋಟು, ಗುರುತು ಇನ್ನೂರ ಹನ್ನೆರಡು. ಹೋದ ವರ್ಷ, ಬಾಂಬು ಸಿಡಿದ ವಾರ. ಶನಿವಾರ ಬರುತ್ತೇನೆ ಎಂದು ಬರೆಸಿದ್ದಾರೆ. ಬಂದಿಲ್ಲ. ಬಾಂಬು ಇಟ್ಟವನೋ, ಅದರಲ್ಲಿ ಸತ್ತವನೋ, ನಕ್ಷೆ ಬೇರೆ ಯಾವುದರದ್ದೋ, ದೇವರೇ ಬಲ್ಲ.

ಡಿಸೆಂಬರ್ 19, ಗುರುವಾರ

ಒಂದಂಗಿಯವರಿಗೆ ಎಲ್ಲ ಹೇಳಿದೆ. ಕೋಟು ತೋರಿಸಿದೆ, ಗುಂಡಿ ತೋರಿಸಿದೆ, ರಿಜಿಸ್ಟರಿನ ಪುಟ ತೋರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ನನಗೆ ಧೈರ್ಯ ಬಂತು.

"ಹಾಗಾದ್ರೆ ಮೇಷ್ಟ್ರನ್ನ ಇವತ್ತೇ ಬಿಡ್ತೀರಾ?"

"ಅಮ್ಮ, ಆ ಕಾಗದ ಮೇಲೆ ಹೋಗಿದೆ. ಮೇಲೆ ಹೋದದ್ದು ಕೆಳಗೆ ಬರೋದು ಕಷ್ಟ."

"ಇನ್ನೂರ ಹನ್ನೆರಡನ್ನ ಹುಡುಕಬೇಕಲ್ಲ? ಅವನು ಹೊರಗಿದ್ರೆ?"

"ಒಂದು ವರ್ಷದಲ್ಲಿ ಮೊದಲ ಸಲ ಏನೋ ಸಿಕ್ಕಿದೆ ಅಂತ ಎಲ್ಲರೂ ಉಸಿರು ಬಿಟ್ಟಿದ್ದಾರೆ. ಈಗ ಹೋಗಿ ಅದು ಅಲ್ಲ ಅಂತ ಹೇಳೋದು ಯಾರು?"

"ನೀವು."

ಅವರು ರಿಜಿಸ್ಟರು ಮುಚ್ಚಿ ನನ್ನ ಕಡೆ ತಳ್ಳಿದರು. ಸುಸ್ತಾದ ಮುಖ, ನಿದ್ದೆ ಇಲ್ಲದ ಕಣ್ಣು. ಅವರಿಗೂ ಮನೆಯಲ್ಲಿ ಯಾರೋ ಇರಬಹುದು. ಆಮೇಲೆ ಬ್ಯಾಗಿನಿಂದ ಒಂದು ಹಾಳೆ ತೆಗೆದರು. ಟೈಪು ಮಾಡಿದ್ದು. ನಲವತ್ತೊಂದರವರ ಜೇಬಿನಲ್ಲಿ ನನ್ನ ಕಣ್ಣಾರೆ ಸಿಕ್ಕಿತು ಎಂದು ಅದರಲ್ಲಿದೆ. ಮುಂದಿನ ಗುರುವಾರದೊಳಗೆ ಸಹಿ ಬೇಕಂತೆ.

"ನಾನು ಹಾಕದಿದ್ರೆ?"

"ಲೈನಿಂಗ್ ಬಿಚ್ಚಿದ್ದು ನಿಮ್ಮ ತಮ್ಮ ಅಂದ್ರಿ. ಹಾಗಾದ್ರೆ ಕಾಗದ ಮೊದಲು ಇದ್ದದ್ದು ಅವನ ಕೈಯಲ್ಲಿ. ಅದನ್ನೂ ಕೇಳಬೇಕಾಗುತ್ತೆ." ದನಿ ಏರಿಸಲಿಲ್ಲ. "ಜೇಬು ಅಂತ ಬರೆದದ್ದು ನೀವೇ ಅಲ್ವಾ, ಅಮ್ಮ?"

ಹೌದು. ನಾನೇ.

ಡಿಸೆಂಬರ್ 21, ಶನಿವಾರ

ತಮ್ಮನಿಗೆ ಹೇಳಿದೆ. ಒಂದೂವರೆ ತಿಂಗಳಿನದ್ದು ಎಲ್ಲ. ಕಿವಿಗೆ ಬಾಯಿಟ್ಟು ಹೇಳಬೇಕಾದ್ದರಿಂದ ಅವನ ಮುಖ ಕಾಣುತ್ತಿರಲಿಲ್ಲ, ಅದೊಂದು ಪುಣ್ಯ.

"ಯಾಕಕ್ಕ?" ಎಂದ.

"ನಿನ್ನ ಕಿವಿಗಾಗಿ."

ನನ್ನನ್ನು ಪಕ್ಕಕ್ಕೆ ಸರಿಸಿದ. "ನನ್ನ ಕಿವಿ ಹೆಸರಲ್ಲಿ ಊರವರ ಜೇಬಿಗೆ ಕೈ ಹಾಕಿದೆಯಾ? ನಾನು ಕೇಳಿದ್ನಾ? ಹೋದ ಕಿವಿ ಹೋಯ್ತು. ಇರೋ ಕಿವೀಲಿ ಇಂಥದ್ದು ಕೇಳಿಸ್ತೀಯಲ್ಲ."

ಆಮೇಲೆ ಕೇಳಿದ. "ನನ್ನ ಮೇಲೂ ಬರೆದುಕೊಟ್ಟಿದ್ದೀಯಾ?"

ಕೊಟ್ಟಿಲ್ಲ, ಇದರಲ್ಲಿ ಬರೆದಿದ್ದೇನೆ ಅಷ್ಟೇ, ಎಂದು ನೋಟ್‌ಬುಕ್ ಕೊಟ್ಟೆ. ಡಿಸೆಂಬರ್ ಮೂರರ ಪುಟ ಓದಿದ. "ನಲವತ್ತೈದು ನಿಮಿಷ ನಾನು ಕಿವಿ ಡಾಕ್ಟರ ಬಾಗಿಲಲ್ಲಿ ಕಾಯ್ತಿದ್ದೆ. ಎಡಗಿವೀನೂ ಮಂದ ಆಗ್ತಿದೆ. ನಿನಗೆ ಹೇಳಿದ್ರೆ ಇನ್ನೊಂದು ದಿನ ಉಪವಾಸ ಶುರು ಮಾಡ್ತೀಯ ಅಂತ ಹೇಳಲಿಲ್ಲ."

ಡಿಸೆಂಬರ್ 23, ಸೋಮವಾರ

ಉಪವಾಸ. ನೀರೂ ಬೇಡ ಎನಿಸಿತು. ಆರರಿಂದ ಎಷ್ಟು ಹೊತ್ತು ದೇವರ ಮುಂದೆ ಕೂತೆನೋ ಗೊತ್ತಿಲ್ಲ, ಗಡಿಯಾರ ನೋಡಲಿಲ್ಲ.

ಮೇಷ್ಟ್ರ ಮಗಳು ಆಸ್ಪತ್ರೆಯಲ್ಲಿ ನರ್ಸು. ಮೇಷ್ಟ್ರು ನನ್ನನ್ನು ತಂಗಿ ಎನ್ನುವುದರಿಂದ ಅವಳಿಗೆ ನಾನು ಅತ್ತೆ. ಇಂದು ಬಂದು ನಲವತ್ತೊಂದಕ್ಕೆ ಎರಡು ಬಿಳಿ ಉಡುಪು ಹಾಕಿದಳು. ಮುಖ ನೋಡಲಿಲ್ಲ. ಅವಳು ಹೋದ ಮೇಲೆ ಜೇಬು ನೋಡಿದೆ. ಚೀಟಿ ಇತ್ತು. ಹೊರಗಡೆ ನನಗೇ ಎಂದು ಬರೆದಿತ್ತು, ಆದ್ದರಿಂದ ಬಿಚ್ಚಿದೆ. ಇಲ್ಲಿ ಹಾಗೇ ಇಳಿಸುತ್ತೇನೆ.

"ಅತ್ತೆ, ಜೇಬಿನಲ್ಲಿ ಇಟ್ಟರೆ ನೀವು ಖಂಡಿತ ಓದುತ್ತೀರಿ ಎಂದು ಇಲ್ಲಿ ಇಟ್ಟಿದ್ದೇನೆ. ಲಾಂಡ್ರಿಯಲ್ಲಿ ಸಿಕ್ಕಿತು ಎಂದು ಹಿಡಿದವರೇ ಅಪ್ಪನಿಗೆ ಹೇಳಿದ್ದಾರೆ. ಅಪ್ಪ ಈಗಲೂ ತಂಗಿ ಅಂಥವಳಲ್ಲ, ಏನೋ ತಪ್ಪಾಗಿದೆ ಎನ್ನುತ್ತಾರೆ. ಅಲ್ಲಿ ಚಳಿಯಂತೆ, ಕೋಟು ಇದ್ದಿದ್ದರೆ ಎಂದರು. ಏನಾಯಿತು ಎಂದು ನೀವು ಬರೆದುಕೊಡಬಲ್ಲಿರಾ? ವಕೀಲರು ಒಂದು ಸಾಲಾದರೂ ಸಾಕು ಎಂದಿದ್ದಾರೆ."

ಕೋಟು ಇಲ್ಲಿ ತೂಗುತ್ತಿದೆ. ಮೇಷ್ಟ್ರು ಅಲ್ಲಿ ನಡುಗುತ್ತಿದ್ದಾರೆ.

ಡಿಸೆಂಬರ್ 25, ಬುಧವಾರ

ಟೈಪು ಮಾಡಿದ ಹಾಳೆ ಒಂದು ಕಡೆ, ಖಾಲಿ ಹಾಳೆ ಒಂದು ಕಡೆ ಇಟ್ಟುಕೊಂಡು ಕೂತೆ. ಬರೆದರೆ ತಮ್ಮನನ್ನು ಎಳೆಯುತ್ತಾರೆ. ಬರೆಯದಿದ್ದರೆ ಮೇಷ್ಟ್ರು ಅಲ್ಲೇ. ನನ್ನನ್ನು ಹಿಡಿದರೆ ಪರವಾಗಿಲ್ಲ, ಆದರೆ ನನ್ನೊಬ್ಬಳನ್ನೇ ಹಿಡಿಯಿರಿ ಎಂದು ಅರ್ಜಿ ಹಾಕಲು ಬರುತ್ತದೆಯೇ?

ತಮ್ಮ ಬಂದು ಪಕ್ಕದಲ್ಲಿ ಕೂತ. "ಬರಿ ಅಕ್ಕ. ನನ್ನ ಹೆಸರೂ ಹಾಕು, ಬಿಚ್ಚಿದವನು ನಾನೇ ಅಂತ."

"ನಿನ್ನನ್ನ ಕರೆಸಿ ಕೂಗಾಡ್ತಾರೆ ಕಣೋ."

"ಕೂಗಲಿ ಬಿಡು. ಬಲಗಡೆ ನಿಂತು ಕೂಗಿದ್ರೆ ನನಗೇನೂ ಗೊತ್ತಾಗಲ್ಲ."

ಅತ್ತೆನೋ ನಕ್ಕೆನೋ, ಎರಡೂ. ಆಮೇಲೆ ಬರೆದೆ. ಬೀರುವಿನಿಂದ ಕೋಟು ತೆಗೆದದ್ದರಿಂದ ಹಿಡಿದು ಜೇಬು ಎಂದು ಸುಳ್ಳು ಬರೆದದ್ದರವರೆಗೆ. ನಾಲ್ಕು ಪುಟ. ಯಾರ ಯಾರ ಕಾಗದ ಓದಿದೆನೋ ಅವರ ನಂಬರೂ ಹಾಕಿದೆ, ಒಬ್ಬೊಬ್ಬರ ಮನೆಗೂ ಹೋಗಿ ಹೇಳಬೇಕು. ಹದಿನೇಳರವರ ಹೆಂಡತಿಯ ಮುಖ ಹೇಗೆ ನೋಡುವುದೋ.

ಡಿಸೆಂಬರ್ 26, ಗುರುವಾರ

ಅವರ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿದೆ. ಟೈಪು ಮಾಡಿದ ಹಾಳೆಯನ್ನು ಸಹಿ ಇಲ್ಲದೆ ಅದರ ಜೇಬಿಗೆ ಹಾಕಿ, ಜೇಬಿನ ಬಾಯಿಗೆ ನೀಲಿ ದಾರದಲ್ಲಿ ಹೊಲಿಗೆ ಹಾಕಿದೆ. ಗಿರಾಕಿಯ ಬಟ್ಟೆ ಕೆಡಿಸಿದ್ದು ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು.

ಒಂದಂಗಿಯವರು ಅಂಗಿ ಎತ್ತಿಕೊಂಡರು. ಹೆಬ್ಬೆರಳಿನಿಂದ ಹೊಲಿಗೆಯನ್ನು ಮುಟ್ಟಿ ನೋಡಿದರು, ಎರಡು ಸಲ.

"ಯೋಚನೆ ಮಾಡಿದ್ದೀರಾ ಅಮ್ಮ?"

"ಮಾಡಿದೀನಿ. ಇನ್ಮೇಲೆ ಮಾಸಿದ ಅಂಗಿ ಇದ್ರೆ ತನ್ನಿ, ಒಗೆದುಕೊಡ್ತೀನಿ."

ಅವರು ಅಂಗಿಯನ್ನು ಬ್ಯಾಗಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ನಾಳೆ ಬರುತ್ತಾರೋ, ನಾಡಿದ್ದೋ, ಒಬ್ಬರೇ ಬರುತ್ತಾರೋ, ಜನರ ಜೊತೆ ಬರುತ್ತಾರೋ. ಎಷ್ಟು ಹೊತ್ತಿಗೆ ಹೋದರು ಎಂದು ನೋಡಲಿಲ್ಲ.

ಡಿಸೆಂಬರ್ 27, ಶುಕ್ರವಾರ

ಐದಕ್ಕೆ ಎದ್ದೆ. ನೀರು, ನೆಲ, ದೀಪ. ತಮ್ಮ ಇನ್ನೂ ಮಲಗಿದ್ದಾನೆ. ಎದ್ದ ಮೇಲೆ ಅವನ ಕೈಯಲ್ಲಿ ಆಸ್ಪತ್ರೆಗೆ ಒಂದು ಚೀಟಿ ಕಳಿಸಬೇಕು. ಏನು ಬರೆಯುವುದೆಂದು ಇಲ್ಲಿ ಮೊದಲು ಬರೆದು ನೋಡುತ್ತಿದ್ದೇನೆ.

"ಮಗಳೇ, ಮಾಡಿದವಳು ನಾನೇ. ನಿನ್ನ ಪ್ರಶ್ನೆಗೆ ಉತ್ತರ ಬರೆದಿದ್ದೇನೆ, ನಾಲ್ಕು ಪುಟ, ಕೆಳಗೆ ನನ್ನ ಸಹಿ, ತಮ್ಮನದೂ ಇದೆ. ಜೊತೆಗೆ ಕೋಟು ಮತ್ತು ರಿಜಿಸ್ಟರಿನ ಪುಟ. ಕೋಟನ್ನು ವಕೀಲರಿಗೆ ತೋರಿಸುವವರೆಗೆ ಒಳಗಿನ ನೀಲಿ ಹೊಲಿಗೆಯನ್ನು ಯಾರೂ ಬಿಚ್ಚದಂತೆ ನೋಡಿಕೋ. ಆಮೇಲೆ ಅಪ್ಪನಿಗೆ ಕೊಡು. ಉತ್ತರವನ್ನು ಯಾವ ಜೇಬಿನಲ್ಲೂ ಇಟ್ಟಿಲ್ಲ, ಯಾರ ಕೈಯಲ್ಲೂ ಕಳಿಸುವುದಿಲ್ಲ. ನನ್ನನ್ನು ಕರೆದುಕೊಂಡು ಹೋಗುವವರು ಬರುವ ಮೊದಲು ಬಾ. ಬಟ್ಟೆ ಗಂಟು ತರಬೇಡ, ಮುಂದಿನ ಬಾಗಿಲಿನಿಂದಲೇ, ಎಲ್ಲರೆದುರಿಗೇ ಬಾ. ಬಂದು ಈ ಅತ್ತೆಯ ಕೈಯಿಂದಲೇ ತೆಗೆದುಕೊಂಡು ಹೋಗಮ್ಮ."